ಸಹಾಯ ಬೇಕು: ಗರ್ಭಕೋಶದ ಗೆಡ್ಡೆಯ ಸ್ಲೈಡುಗಳ ಮರುಪರೀಕ್ಷೆ

ಮಾನ್ಯರೇ,

ಕಾಸರಗೋಡಿನ ಬದಿಯಡ್ಕದಲ್ಲಿರುವ ನನ್ನ ಅತ್ತಿಗೆಗೆ (46 ವರ್ಷ) ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗೆಡ್ಡೆ) ಎಂದೇ ಭಾವಿಸಿ ಗರ್ಭಕೋಶ ತೆಗೆಸಿದ ಬಳಿಕ ಬಂದ ಬಯಾಪ್ಸಿ ವರದಿಯಲ್ಲಿ ‘ಸ್ಟಂಪ್’, ಅಂದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನಿಶ್ಚಯಿಸಲಾಗದ ನುಣುಪು ಸ್ನಾಯುವಿನ ಗೆಡ್ಡೆ ಎಂದು ಬರೆದಿದ್ದಾರೆ. ಜೀವಕೋಶಗಳ ವಿಕಾರ, ಸೂಕ್ಷ್ಮದರ್ಶಕದ 10 ದೃಷ್ಟಿಕ್ಷೇತ್ರಗಳಲ್ಲಿ ಕಾಣುವ ಕೋಶವಿಭಜನೆಗಳ ಎಣಿಕೆ, ಗೆಡ್ಡೆಯ ಕೋಶಗಳ ಸಾವು ಇವು ಮೂರನ್ನೂ ಒಟ್ಟಿಗೆ ತೂಗಿಯೇ ಲಿಯೊಮಯೋಸಾರ್ಕೋಮಾ, ಅಂದರೆ ನುಣುಪು ಸ್ನಾಯುವಿನ ಕ್ಯಾನ್ಸರ್ ಎಂದು ತೀರ್ಮಾನಿಸುತ್ತಾರೆ. ನಮ್ಮ ವರದಿಯಲ್ಲಿ ಎಣಿಕೆ 7 ಎಂದಿದೆ, ಆದರೆ ಸತ್ತ ಕೋಶಗಳು ಯಾವ ಬಗೆಯವು ಎಂಬ ಮಾತೇ ಇಲ್ಲ. (ರಕ್ತ ಸಿಗದೆ ಸತ್ತ ಮಾಮೂಲಿ ಫೈಬ್ರಾಯ್ಡೂ ಗೊಂದಲ ಹುಟ್ಟಿಸುವುದುಂಟು, ನನ್ನ ಅನುಮಾನ ಅಲ್ಲಿಯೇ.)

ಆರು ಸ್ಲೈಡುಗಳೂ ಗೆಡ್ಡೆಯ ತುಣುಕುಗಳನ್ನು ಹುದುಗಿಸಿದ, ಪೆನ್ಸಿಲಿನಲ್ಲಿ ನಂಬರು ಬರೆದ ಮೇಣದ ಬ್ಲಾಕುಗಳೂ ನಮ್ಮ ಕೈಯಲ್ಲಿವೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಾಗಲಿ, ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ ಹೀಗೆ ಮರುಪರೀಕ್ಷೆ ಮಾಡಿಸಿದವರಿದ್ದರೆ, ರೋಗಿಯೇ ಬರಬೇಕೇ, ಯಾವ ಕಾಗದಗಳು ಬೇಕು ಎಂಬುದನ್ನು ದಯವಿಟ್ಟು ತಿಳಿಸಿ.