ಓದುಗರ ಸ್ಪಂದನ: ಕಾಮರ್ಸ್ ಓದಿದವಳು ಪೈಲಟ್ ಆಗಬಹುದಾ?

ಕಳೆದ ಸಂಚಿಕೆಯಲ್ಲಿ ಬಂದ ಪತ್ರ:

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಚಿಕ್ಕಂದಿನಿಂದಲೂ ಪೈಲಟ್ ಆಗುವ ಆಸೆ. ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕನ್ನಡಕ ಹಾಕುತ್ತೇನೆ. ಸೈನ್ಸ್ ತಗೊಂಡಿಲ್ಲ ಅಂದಮೇಲೆ ಆ ಆಸೆ ಬಿಟ್ಟುಬಿಡು ಅಂತ ಎಲ್ಲರೂ ಹೇಳುತ್ತಾರೆ. ಒಂದು ಕನ್ಸಲ್ಟೆನ್ಸಿಯವರು ಮಾತ್ರ, ಏನೂ ತೊಂದರೆ ಇಲ್ಲ, ಈಗಲೇ ಮುಂಗಡ ಕಟ್ಟಿ ಸೀಟು ಹಿಡಿದುಕೊಳ್ಳಿ ಎಂದರು. ಅಪ್ಪ ಜಮೀನು ಅಡ ಇಡೋದಕ್ಕೂ ತಯಾರಿದ್ದಾರೆ. ಯಾರ ಮಾತು ಕೇಳಲಿ?

ಓದುಗರ ಉತ್ತರಗಳು:

ಮಗೂ, ಆಸೆ ಬಿಡು ಅನ್ನುವವರಿಗೆ ದಾರಿ ಗೊತ್ತಿಲ್ಲ. ಏನೂ ತೊಂದರೆ ಇಲ್ಲ ಅನ್ನುವವರು ನಡುವೆ ಇರುವ ಕೆಲಸವನ್ನು ನಿನಗೆ ಹೇಳುತ್ತಿಲ್ಲ. ಆ ಕೆಲಸ ಏನು ಅಂತ ನಾನು ಹೇಳುತ್ತೇನೆ.

ನಮ್ಮ ದೇಶದಲ್ಲಿ ಸಂಬಳ ತಗೊಂಡು ವಿಮಾನ ಹಾರಿಸಬೇಕಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಎಲ್ಲರೂ ಅದನ್ನು ಸಿಪಿಎಲ್ ಅನ್ನುತ್ತಾರೆ. ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದಕ್ಕೆ 18 ವರ್ಷ ತುಂಬಿರಬೇಕು. ಹನ್ನೆರಡನೇ ತರಗತಿ ಮಟ್ಟದಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು ಎನ್ನುವುದು ಬಹುಕಾಲದಿಂದ ನಡೆದುಬಂದ ನಿಯಮ. ಸಿಪಿಎಲ್‌ಗೆ ಕೆಮಿಸ್ಟ್ರಿ, ಬಯಾಲಜಿ ಯಾರೂ ಕೇಳುವುದಿಲ್ಲ.

ಹಾಗಾದರೆ ಮತ್ತೆ ಎರಡು ವರ್ಷ ಪಿಯುಸಿ ಓದಬೇಕಾ? ಬೇಡ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, ಎನ್‌ಐಓಎಸ್ ಅಂತ. ಅಲ್ಲಿ ಪೂರ್ತಿ ಕೋರ್ಸ್ ಮಾಡದೆ, ನಿನಗೆ ಬೇಕಾದ ವಿಷಯಗಳನ್ನಷ್ಟೇ ತಗೊಂಡು ಪರೀಕ್ಷೆ ಬರೆಯಬಹುದು. ಅದರ ಅಂಕಪಟ್ಟಿಯನ್ನು ಡಿಜಿಸಿಎ ಒಪ್ಪುತ್ತದೆ. ಭೌತಶಾಸ್ತ್ರಕ್ಕೆ ಪ್ರಾಕ್ಟಿಕಲ್ ಇರುತ್ತದೆ, ಅದನ್ನು ಹಗುರವಾಗಿ ತಗೋಬೇಡ. ಈ ವರ್ಷದ ಕಾಮರ್ಸ್ ಪರೀಕ್ಷೆ ಚೆನ್ನಾಗಿ ಮುಗಿಸು. ಆಮೇಲೆ ಆ ಎರಡು ವಿಷಯಕ್ಕೆ ಕೂತುಕೋ. ನಿನಗೆ ಈಗ ಕಾಮರ್ಸ್ ಜೊತೆ ಗಣಿತವೂ ಇದ್ದರೆ ಭೌತಶಾಸ್ತ್ರ ಒಂದೇ ಸಾಕು.

ಈ ನಿಯಮ ಸಡಿಲಿಸಿ ಕಾಮರ್ಸ್, ಆರ್ಟ್ಸ್ ಓದಿದವರನ್ನೂ ಸೇರಿಸಿಕೊಳ್ಳುವ ಪ್ರಸ್ತಾಪದ ಸುದ್ದಿ 2025ರಲ್ಲಿ ಬಂದಿತ್ತು. ಪತ್ರಿಕೆಯ ಸುದ್ದಿ ನೋಡಿ ತೀರ್ಮಾನ ಮಾಡಬೇಡ. ಅರ್ಜಿ ಹಾಕುವ ದಿನ ಡಿಜಿಸಿಎ ವೆಬ್‌ಸೈಟಿನಲ್ಲಿ ಏನಿದೆಯೋ ಅದೇ ನಿಯಮ. ಇನ್ನೊಂದು ಮಾತು. ನಾಳೆ ನಿಯಮವೇ ಹೋದರೂ ಓದು ತಪ್ಪುವುದಿಲ್ಲ. ವಿಮಾನಕ್ಕೆ ನಿನ್ನ ಅಂಕಪಟ್ಟಿ ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು.

ಒಂದು ಉದಾಹರಣೆ ಕೊಡುತ್ತೇನೆ. ನ್ಯಾವಿಗೇಷನ್‌ನಲ್ಲಿ ಅರವತ್ತಕ್ಕೆ ಒಂದು ಅನ್ನುವ ಲೆಕ್ಕ ಇದೆ. ದಿಕ್ಕು ಒಂದು ಡಿಗ್ರಿ ತಪ್ಪಿದರೆ, 60 ನಾಟಿಕಲ್ ಮೈಲಿ (ಮಾಮೂಲಿ ಮೈಲಿಗಿಂತ ಸ್ವಲ್ಪ ಉದ್ದ) ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತೀಯ. 300 ಮೈಲಿ ಹೋದರೆ 5 ಮೈಲಿ, ಅಂದರೆ ಒಂಬತ್ತು ಕಿಲೋಮೀಟರಿಗೂ ಜಾಸ್ತಿ. ಇನ್ನು ಇಳಿಯುವಾಗ: ಎಷ್ಟು ಸಾವಿರ ಅಡಿ ಇಳಿಯಬೇಕೋ ಅದನ್ನು ಮೂರರಿಂದ ಗುಣಿಸಿದರೆ, ಎಷ್ಟು ಮೈಲಿ ದೂರದಲ್ಲೇ ಇಳಿಯಲು ಶುರು ಮಾಡಬೇಕು ಅನ್ನುವ ಅಂದಾಜು ಸಿಗುತ್ತದೆ. 30 ಸಾವಿರ ಅಡಿಗೆ 90 ಮೈಲಿ. ಇದರಲ್ಲಿ ಕ್ಯಾಲ್ಕುಲಸ್ ಇಲ್ಲ. ಗುಣಾಕಾರ, ಅನುಪಾತ, ತ್ರಿಕೋನಮಿತಿ, ಇಷ್ಟೇ. ಆದರೆ ಪೆನ್ನು ಕಾಗದ ಹುಡುಕದೆ ತಲೆಯಲ್ಲೇ ಬರಬೇಕು. ಬಿಸಿಲು ಜೋರಾದ ದಿನ ಗಾಳಿ ತೆಳುವಾಗಿ, ವಿಮಾನ ಮೇಲೇಳಲು ಜಾಸ್ತಿ ರನ್‌ವೇ ಬೇಕಾಗುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಒತ್ತಡ, ಸಾಂದ್ರತೆಯ ಪಾಠ ಅರ್ಥವಾಗಿರಬೇಕು. ಆದ್ದರಿಂದ ಈ ಎರಡು ವಿಷಯಗಳನ್ನು ಸುಮ್ನೆ ಪಾಸಾಗೋಕೆ ಅಂತ ಓದಬೇಡ, ಅರ್ಥ ಮಾಡಿಕೊಂಡು ಓದು.

— ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕಿ

ತಂಗಿ, ಮುಂಗಡ ಕಟ್ಟಬೇಡ. ಮೊದಲು ಮೆಡಿಕಲ್ ಮಾಡಿಸು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಶುಲ್ಕ ಕಟ್ಟಿ, ತರಗತಿ ಶುರುವಾದ ಮೇಲೆ ಮೆಡಿಕಲ್‌ನಲ್ಲಿ ಸಿಕ್ಕಿಹಾಕಿಕೊಂಡ ಹುಡುಗರನ್ನು ನೋಡಿದ್ದೇನೆ. ಅವರಲ್ಲಿ ಒಬ್ಬನಿಗೆ ಬಣ್ಣ ಗುರುತಿಸುವ ತೊಂದರೆ ಇತ್ತು. ಅಲ್ಲಿಯವರೆಗೆ ಅವನಿಗೇ ಅದು ಗೊತ್ತಿರಲಿಲ್ಲ. ಮನೆಯವರ ದುಡ್ಡು ವಾಪಸ್ ಬರಲಿಲ್ಲ. ಚುಕ್ಕೆಗಳ ನಡುವೆ ಅಂಕಿ ಹುಡುಕುವ ಒಂದು ಸಣ್ಣ ಪರೀಕ್ಷೆಯನ್ನು ಯಾವ ಕಣ್ಣಿನ ಡಾಕ್ಟರಾದರೂ ಮೊದಲೇ ಮಾಡಿಬಿಡುತ್ತಿದ್ದರು.

ಕ್ರಮ ಹೀಗೆ. ಮೊದಲು ಕ್ಲಾಸ್ 2 ಮೆಡಿಕಲ್. ಇದನ್ನು ಡಿಜಿಸಿಎ ಒಪ್ಪಿದ ವೈದ್ಯರು ಮಾಡುತ್ತಾರೆ, ಅವರ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲೇ ಇದೆ. ಅದಾದ ಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಬೇಕಾಗುವುದು ಇದು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮಾಡುತ್ತಾರೆ. ರಕ್ತ, ಇಸಿಜಿ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ದಿನಾಂಕ ಸಿಗುವುದು ತಡವಾಗಬಹುದು, ಬೇಗ ಅರ್ಜಿ ಹಾಕು.

ಕನ್ನಡಕದ ಬಗ್ಗೆ ಭಯ ಬೇಡ. ಕನ್ನಡಕ ಹಾಕಿಕೊಂಡಾಗ 6/6 ಕಾಣಿಸಿದರೆ ಸಿವಿಲ್ ಪೈಲಟ್ ಆಗಲು ಅಡ್ಡಿ ಇಲ್ಲ. ಹಾರಿಸುವಾಗ ಇನ್ನೊಂದು ಜೊತೆ ಕನ್ನಡಕ ಹತ್ತಿರ ಇರಬೇಕು, ಅಷ್ಟೇ. ಯಾರೋ ಹೇಳಿದರು ಅಂತ ಲೇಸಿಕ್ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲು ಓಡಬೇಡ. ಮೊದಲು ಆ ಡಿಜಿಸಿಎ ವೈದ್ಯರನ್ನೇ ಕೇಳು.

ಈಗ ಪರೀಕ್ಷೆಗಳು. ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಮೀಟಿಯರಾಲಜಿ, ಟೆಕ್ನಿಕಲ್ ಜನರಲ್, ನೀನು ಹಾರಿಸುವ ವಿಮಾನದ ಬಗ್ಗೆ ಟೆಕ್ನಿಕಲ್ ಸ್ಪೆಸಿಫಿಕ್. ಎಲ್ಲದರಲ್ಲೂ ಶೇಕಡ 70 ಅಂಕ ಬೇಕು. ಇದಲ್ಲದೆ ರೇಡಿಯೋದಲ್ಲಿ ಮಾತಾಡಲು ಬೇಕಾದ ಆರ್‌ಟಿಆರ್ ಅನ್ನುವ ಪರೀಕ್ಷೆ ಬೇರೆ. ಬರೆಯುವ ಮೊದಲು ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆಯ ನೋಂದಣಿ ಸಂಖ್ಯೆ ತಗೋಬೇಕು. ಅದಕ್ಕೆ ನಿನ್ನ ಅಂಕಪಟ್ಟಿಗಳನ್ನು ಬೋರ್ಡಿನಿಂದ ಪರಿಶೀಲಿಸುತ್ತಾರೆ. ನಿನಗೆ ಎರಡು ಬೋರ್ಡಿನ ಅಂಕಪಟ್ಟಿ ಇರುತ್ತದೆ, ಅಲ್ವಾ? ಎರಡರಲ್ಲೂ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ದಿನ, ಅಪ್ಪನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ಸರಿಪಡಿಸಲು ಓಡಾಡಿ ಸಾಕಾಗುತ್ತದೆ.

ಇಲ್ಲಿಗೆ ನಿಂತು ಯೋಚನೆ ಮಾಡು. ಈ ಪರೀಕ್ಷೆಗಳನ್ನು ಮನೆಯಲ್ಲಿ ಓದಿ, ಅಥವಾ ಯಾವುದಾದರೂ ಗ್ರೌಂಡ್ ಕ್ಲಾಸ್‌ಗೆ ಹೋಗಿ, ಹಾರಾಟಕ್ಕೆ ಸೇರುವ ಮೊದಲೇ ಪಾಸು ಮಾಡಿಕೊಳ್ಳಬಹುದು. ಫ್ಲೈಯಿಂಗ್‌ಗೆ ಆಗುವ ಖರ್ಚಿನ ಮುಂದೆ ಇದರ ಖರ್ಚು ತುಂಬ ಕಡಿಮೆ. ಮೆಡಿಕಲ್ ಆಯಿತು, ಎರಡು ವಿಷಯ ಆಯಿತು, ಪರೀಕ್ಷೆ ಆಯಿತು ಅಂದರೆ ದೊಡ್ಡ ಮೊತ್ತ ಕಟ್ಟುವ ಹೊತ್ತಿಗೆ ನಿನ್ನ ಕೈಯಲ್ಲಿ ಆಗುತ್ತದೋ ಇಲ್ಲವೋ ನಿನಗೇ ತಿಳಿದಿರುತ್ತದೆ. ನಿಮ್ಮಪ್ಪನಿಗೂ ಧೈರ್ಯ ಬಂದಿರುತ್ತದೆ.

ಆಮೇಲೆ ಹಾರಾಟ. ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಜವಾಬ್ದಾರಿ ನಿನ್ನದೇ. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ ಇದೆ, ನಡುವೆ ಎರಡು ಬೇರೆ ಏರೋಡ್ರೋಮ್‌ಗಳಲ್ಲಿ ಇಳಿಯಬೇಕು. ರಾತ್ರಿ ಹಾರಾಟವೂ ಇದೆ. ಮೊದಲ ಸಲ ಇನ್‌ಸ್ಟ್ರಕ್ಟರ್ ಇಳಿದುಹೋಗಿ, ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಟೇಕಾಫ್ ಮಾಡುವಾಗ ಆಗುವ ಸಂತೋಷವನ್ನು ನಾನು ಬರೆದು ತಿಳಿಸಲಾರೆ. ಅದು ನಿನಗೂ ಸಿಗಲಿ ಅಂತ ಮನಸಾರೆ ಹಾರೈಸುತ್ತೇನೆ.

— ಸಿಪಿಎಲ್ ಪಡೆದು ಕೆಲಸಕ್ಕೆ ಪ್ರಯತ್ನಿಸುತ್ತಿರುವ ಯುವಕ

ನಾನು ಬರೆಯುತ್ತಿರುವುದು ಹುಡುಗಿಗಲ್ಲ, ಅವಳ ತಂದೆಗೆ. ಅಣ್ಣಾ, ನಮ್ಮ ಮಗಳೂ ಇದೇ ದಾರಿಯಲ್ಲಿ ಹೋದಳು. ಜಮೀನಿನ ಪತ್ರ ಬ್ಯಾಂಕಿಗೆ ಕೊಡುವ ಮೊದಲು ಪೂರ್ತಿ ಲೆಕ್ಕ ಹಾಕಿ.

ಸಿಪಿಎಲ್‌ಗೆ ಈಗ 50 ಲಕ್ಷದ ಆಸುಪಾಸು ಬರುತ್ತದೆ, ಊಟ ವಸತಿ ಸೇರಿದರೆ ಇನ್ನೂ ಮೇಲೆ. ಇಲ್ಲಿಗೆ ಖರ್ಚು ಮುಗಿಯಿತು ಅಂದುಕೊಳ್ಳುತ್ತೇವೆ, ಮುಗಿಯುವುದಿಲ್ಲ. ಏರ್‌ಬಸ್, ಬೋಯಿಂಗ್‌ನಂಥ ದೊಡ್ಡ ವಿಮಾನ ಹಾರಿಸಲು ಟೈಪ್ ರೇಟಿಂಗ್ ಅಂತ ಬೇರೆ ತರಬೇತಿ ಇದೆ. ಅದಕ್ಕೆ ಮತ್ತೆ ಹತ್ತು ಲಕ್ಷಕ್ಕೂ ಜಾಸ್ತಿ. ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲಸ ಸಿಗಲು ಕಾಯಬೇಕಾಗಬಹುದು. ಆ ಕಾಯುವ ದಿನಗಳಲ್ಲೂ ಸಾಲದ ಬಡ್ಡಿ ಓಡುತ್ತಿರುತ್ತದೆ. ನಮ್ಮ ಮನೆಯಲ್ಲಿ ತುಂಬ ಹಿಂಡಿದ್ದು ಈ ಕಾಯುವ ಕಾಲವೇ. ಅದಕ್ಕೂ ಸೇರಿಸಿ ದುಡ್ಡು ಎತ್ತಿಡಿ.

ಫ್ಲೈಯಿಂಗ್ ಸ್ಕೂಲ್ ಆರಿಸುವಾಗ ಬ್ರೋಷರ್ ನೋಡಬೇಡಿ, ಖುದ್ದಾಗಿ ಹೋಗಿ. ಅಲ್ಲಿ ಕಲಿಯುತ್ತಿರುವ ಮಕ್ಕಳನ್ನು ಹೊರಗೆ ಟೀ ಅಂಗಡಿ ಹತ್ತಿರ ಮಾತಾಡಿಸಿ. ಈ ತಿಂಗಳು ಎಷ್ಟು ಗಂಟೆ ಹಾರಿಸಿದೆ ಅಂತ ಕೇಳಿ. ಎಷ್ಟು ವಿಮಾನ ಇವೆ ಅನ್ನುವುದಕ್ಕಿಂತ ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ ಅನ್ನುವುದು ಮುಖ್ಯ. ವಿಮಾನ ರಿಪೇರಿಯಲ್ಲಿದೆ, ಇನ್‌ಸ್ಟ್ರಕ್ಟರ್ ಇಲ್ಲ ಅಂತ ಒಂದೂವರೆ ವರ್ಷದ ತರಬೇತಿ ಮೂರು ವರ್ಷಕ್ಕೆ ಹೋದ ಮಕ್ಕಳಿದ್ದಾರೆ. ಶುಲ್ಕವನ್ನು ಒಂದೇ ಸಲ ಕೊಡಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕೊಡುವ ಹಾಗೆ ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. ನಡುವೆ ಬಿಟ್ಟರೆ ಎಷ್ಟು ವಾಪಸ್ ಅನ್ನುವುದೂ ಬರವಣಿಗೆಯಲ್ಲೇ ಇರಲಿ. ಆ ಶಾಲೆ ಡಿಜಿಸಿಎ ಅನುಮತಿ ಪಡೆದವರ ಪಟ್ಟಿಯಲ್ಲಿದೆಯಾ ನೋಡಿ. ಸೀಟು ಮುಗಿದುಹೋಗುತ್ತೆ ಅಂತ ಅವಸರ ಮಾಡುವ ಕನ್ಸಲ್ಟೆನ್ಸಿ ಯಾಕೆ ಬೇಕು? ಶಾಲೆಗೆ ನೀವೇ ನೇರವಾಗಿ ಹೋಗಬಹುದು.

ಸರ್ಕಾರದ ಶಾಲೆಗಳನ್ನೂ ನೋಡಿ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವಿಮಾನ ತರಬೇತಿ ಶಾಲೆ ಇದೆ. ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯಲ್ಲಿ ಕೇಂದ್ರದ ಇಂದಿರಾಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು.

ಮಗಳನ್ನು ತಡೆಯಬೇಡಿ ಅಣ್ಣಾ. ನಿಧಾನವಾಗಿ ಕಳಿಸಿ, ಅಷ್ಟೇ.

— ಪೈಲಟ್ ಒಬ್ಬಳ ತಾಯಿ

ಕನ್ನಡ ಮಾಧ್ಯಮ ಅಂತ ಕುಗ್ಗಬೇಡಿ. ನಾನೂ ಅದರಲ್ಲೇ ಓದಿದವಳು. ಈಗ ಗ್ರೌಂಡ್ ಕ್ಲಾಸ್‌ನಲ್ಲಿದ್ದೇನೆ. ಇಂಗ್ಲಿಷ್ ಬೇಕೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಪರೀಕ್ಷೆಗಳು ಇಂಗ್ಲಿಷ್‌ನಲ್ಲಿ, ರೇಡಿಯೋ ಮಾತು ಇಂಗ್ಲಿಷ್‌ನಲ್ಲಿ, ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 4ನೇ ಹಂತ ಮುಟ್ಟಬೇಕು. ಆದರೆ ಅಲ್ಲಿ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಕೇಳಿಸಿಕೊಂಡದ್ದನ್ನು ತಪ್ಪಿಲ್ಲದೆ ತಿರುಗಿ ಹೇಳುವುದು, ಸ್ಪಷ್ಟವಾಗಿ ಅಂಕಿ ಹೇಳುವುದು. ನಾನು ದಿನಾ ಜೋರಾಗಿ ಓದಿ ಅಭ್ಯಾಸ ಮಾಡಿದೆ, ಗೆಳತಿಯ ಜೊತೆ ಫೋನಿನಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಕಾಕ್‌ಪಿಟ್‌ನಲ್ಲಿ ಅದು ನಾಚಿಕೆಯ ವಿಷಯ ಅಲ್ಲ, ನಿಯಮ.

— ಡಿಜಿಸಿಎ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ

ಮಗಳೇ, ವಾಯುಪಡೆಯ ದಾರಿಯನ್ನು ಯಾರೂ ನಿನಗೆ ಹೇಳಿಲ್ಲ ಅನಿಸುತ್ತದೆ. ಅಲ್ಲಿ ತರಬೇತಿಗೆ ನಿಮ್ಮಪ್ಪ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಪಿಯುಸಿ ಆದ ತಕ್ಷಣ ಹೋಗುವುದು ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. 2022ರಿಂದ ಹುಡುಗಿಯರೂ ಸೇರುತ್ತಿದ್ದಾರೆ. ಆದರೆ ವಾಯುಪಡೆ ವಿಭಾಗಕ್ಕೆ ಕೆಮಿಸ್ಟ್ರಿಯನ್ನೂ ಕೇಳುತ್ತಾರೆ, ವಯಸ್ಸು ಹತ್ತೊಂಬತ್ತೂವರೆ ದಾಟಿರಬಾರದು. ನಿನಗೆ ಸಮಯ ಸಾಲದು. ನಿನಗೆ ಹೊಂದುವುದು ಎಎಫ್‌ಕ್ಯಾಟ್, ಪದವೀಧರರು ವಾಯುಪಡೆಗೆ ಸೇರಲು ಬರೆಯುವ ಪರೀಕ್ಷೆ. ಯಾವ ಪದವಿಯಾದರೂ ಆಗಬಹುದು, ಬಿಕಾಂ ಕೂಡ. ಪದವಿಯಲ್ಲಿ 60 ಶೇಕಡ, ಹನ್ನೆರಡನೇ ತರಗತಿಯ ಗಣಿತ, ಭೌತಶಾಸ್ತ್ರ ಎರಡರಲ್ಲೂ 50 ಶೇಕಡ ಬೇಕು. ಅಲ್ಲಿಗೆ ಆ ಎರಡು ವಿಷಯ ಇಲ್ಲೂ ಬೇಕಾಯಿತು. ವಯಸ್ಸು 20ರಿಂದ 24. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಇದ್ದರೆ ಸೇರಿಕೋ.

ಎರಡು ಎಚ್ಚರಿಕೆ. ಕಣ್ಣಿನ ನಿಯಮ ಇಲ್ಲಿ ಸಿವಿಲ್‌ಗಿಂತ ಬಿಗಿ, ನಿನ್ನ ಕನ್ನಡಕದ ನಂಬರ್ ಇಟ್ಟುಕೊಂಡು ಅಧಿಸೂಚನೆ ಓದು. ಮತ್ತೆ ಪೈಲಟ್ ಆಗುವ ಸಾಮರ್ಥ್ಯ ನೋಡುವ ಕಂಪ್ಯೂಟರ್ ಪರೀಕ್ಷೆಗೆ ಒಂದೇ ಅವಕಾಶ. ಅದರಲ್ಲಿ ಫೇಲಾದರೆ ಮತ್ತೆ ಕೂರಿಸುವುದಿಲ್ಲ. ತಯಾರಿ ಇಲ್ಲದೆ, ನೋಡೋಣ ಅಂತ ಹೋಗಬೇಡ. ಅಲ್ಲಿ ಆಗದಿದ್ದರೂ ಸಿಪಿಎಲ್ ದಾರಿ ತೆರೆದೇ ಇರುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗ್ 2018ರಲ್ಲಿ ವಾಯುಪಡೆಯ ಯುದ್ಧ ವಿಮಾನ ಪೈಲಟ್ ಆದರು. ಅವರು ಹೋದದ್ದು ಇಂಜಿನಿಯರಿಂಗ್ ಪದವಿ ಮುಗಿಸಿದ ಮೇಲೆ. ನಿನಗಿನ್ನೂ ಹದಿನೇಳೋ ಹದಿನೆಂಟೋ ಇರಬೇಕು. ಬಿಕಾಂಗೆ ಸೇರು, ಜೊತೆಗೆ ಎನ್‌ಐಓಎಸ್‌ಗೂ ಅರ್ಜಿ ಹಾಕು, ಈ ಬೇಸಿಗೆ ರಜೆಯಲ್ಲಿ ಕ್ಲಾಸ್ 2 ಮೆಡಿಕಲ್ ಮಾಡಿಸು.

— ವಾಯುಪಡೆಯಿಂದ ನಿವೃತ್ತರಾದ ಓದುಗರು