ಮರುಜೋಡಣೆಯಾದ ಪುಷ್ಪಕ್: 1800ರ ಆಸುಪಾಸಿನಲ್ಲಿ ವಿಪರೀತ ಅದುರು, ಪೂರ್ಣ ಥ್ರಾಟಲ್‌ನಲ್ಲಿ ಇಲ್ಲ

ಜಕ್ಕೂರು_ಹ್ಯಾಂಗರ್ (ಪ್ರಶ್ನೆ):
ಎಚ್‌ಎಎಲ್ ತಯಾರಿಸಿದ್ದ ಹಳೆಯ ಪುಷ್ಪಕ್ ವಿಮಾನವೊಂದನ್ನು, ಪರವಾನಗಿ ಹೊಂದಿರುವ ಎ.ಎಂ.ಇ. (ವಿಮಾನ ನಿರ್ವಹಣಾ ಎಂಜಿನಿಯರ್) ಒಬ್ಬರ ಮೇಲ್ವಿಚಾರಣೆಯಲ್ಲಿ, ನಾವು ಕೆಲವು ಗೆಳೆಯರು ಪೂರ್ತಿಯಾಗಿ ಬಿಚ್ಚಿ ಮತ್ತೆ ಜೋಡಿಸಿದ್ದೇವೆ. ಎಂಜಿನ್ ಕಾಂಟಿನೆಂಟಲ್ ಸಿ-90. ಪ್ರೊಪೆಲ್ಲರ್ ಮರದ್ದು, ಹೊಸದಾಗಿ ವಾರ್ನಿಷ್ ಮಾಡಿಸಿ ಸ್ಥಿರ ಸಮತೋಲನವನ್ನೂ ನೋಡಿಸಿದ್ದೇವೆ. ಹಾರಾಟಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲದ ಕಾರಣ ನೆಲದ ಮೇಲಷ್ಟೇ ಎಂಜಿನ್ ಓಡಿಸುತ್ತಿದ್ದೇವೆ. ಐಡಲ್‌ನಲ್ಲಿ ಎಂಜಿನ್ ಮುಗ್ಗರಿಸುತ್ತದೆ, ನಿಮಿಷಕ್ಕೆ 1800 ಸುತ್ತಿನ ಹೊತ್ತಿಗೆ ಫಲಕದ ಮುಳ್ಳುಗಳನ್ನು ಓದಲಾಗದಷ್ಟು ಅದುರುತ್ತದೆ, ಪೂರ್ಣ ಥ್ರಾಟಲ್ ಕೊಟ್ಟರೆ ಬಹುಪಾಲು ಅಡಗುತ್ತದೆ. ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಸಾಧನ) ಎರಡರಲ್ಲಿ ಒಂದೊಂದನ್ನೇ ಆರಿಸಿ ನೋಡುವ ಪರೀಕ್ಷೆಯಲ್ಲಿ ಎರಡೂ ಕಡೆಯ ಸುತ್ತಿನ ಇಳಿಕೆ ಕೈಪಿಡಿಯ ಮಿತಿಯೊಳಗೇ ಇದೆ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ (ಒತ್ತಡ ಹಿಡಿದಿಡುವ ಶಕ್ತಿ) 80ಕ್ಕೆ 70ರ ಮೇಲಿದೆ. ಪ್ರೊಪೆಲ್ಲರ್ ಅನ್ನು ಮತ್ತೆ ವರ್ಕ್‌ಶಾಪ್‌ಗೆ ಕಳುಹಿಸುವುದೇ ಸರಿ ಎಂದು ಗೆಳೆಯರ ಅಭಿಪ್ರಾಯ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಮರದ_ರೆಕ್ಕೆ:
ಕಳುಹಿಸುವ ಮೊದಲು ಹ್ಯಾಂಗರ್‌ನಲ್ಲೇ ನೋಡಬಹುದಾದದ್ದು ಬಹಳಷ್ಟಿದೆ. ಮರದ ಪ್ರೊಪೆಲ್ಲರ್ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಸರಿಯಾಗಿ ಬಿಗಿಸಿದ ಬೋಲ್ಟು ಮಳೆಗಾಲದಲ್ಲಿ ಮರವನ್ನು ಜಜ್ಜುವಷ್ಟು ಬಿಗಿಯಾಗಬಹುದು, ಮಳೆಗಾಲದಲ್ಲಿ ಬಿಗಿಸಿದ್ದು ಬೇಸಿಗೆಯಲ್ಲಿ ಸಡಿಲವಾಗಬಹುದು. ಆದ್ದರಿಂದ ಪ್ರೊಪೆಲ್ಲರ್ ತಯಾರಕರು ಹೇಳಿದ ಟಾರ್ಕ್ ಮೌಲ್ಯಕ್ಕೆ ಬೋಲ್ಟುಗಳನ್ನು ಮತ್ತೊಮ್ಮೆ ಪರಿಶೀಲಿಸಿ. ಅನಂತರ ಚಕ್ರಗಳಿಗೆ ಅಡೆ ಕೊಟ್ಟು, ಎರಡು ಅಲಗುಗಳ ತುದಿಗಳೂ ಒಂದೇ ಸಮತಲದಲ್ಲಿ ಸುತ್ತುತ್ತಿವೆಯೇ ಎಂದು ಸ್ಥಿರವಾದ ಗುರುತಿನ ಎದುರು ಅಳೆಯಿರಿ. ಮರದ ಪ್ರೊಪೆಲ್ಲರ್‌ಗೆ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3 ಮಿಲಿಮೀಟರ್. ಕೈಯಿಂದ ತಿರುಗಿಸುವ ಮುನ್ನ ಸ್ವಿಚ್ ಆಫ್ ಇದೆ ಎಂದ ಮಾತ್ರಕ್ಕೆ ಮ್ಯಾಗ್ನೆಟೊ ಸತ್ತಿದೆ ಎಂದು ನಂಬಬೇಡಿ. ಅದರ ಅರ್ಥಿಂಗ್ ತಂತಿ ತುಂಡಾಗಿದ್ದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಪ್ಲಗ್‌ಗಳನ್ನು ಬಿಚ್ಚಿ ತಿರುಗಿಸುವುದೇ ಕ್ಷೇಮ.

ಹಳೇ_ಸ್ಪ್ಯಾನರ್:
ಮೇಲಿನ ಸಲಹೆ ಒಳ್ಳೆಯದೇ, ಮಾಡಿಯೇ ತೀರಬೇಕಾದದ್ದು. ಆದರೂ ಪ್ರಶ್ನೆಯಲ್ಲಿರುವ ಲಕ್ಷಣ ಪ್ರೊಪೆಲ್ಲರ್‌ನದ್ದೆಂದು ನನಗೆ ಅನ್ನಿಸುವುದಿಲ್ಲ. ತೂಕದ ಅಸಮತೋಲನದಿಂದ ಹುಟ್ಟುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಿದ್ದಲ್ಲಿ ಪೂರ್ಣ ಥ್ರಾಟಲ್‌ನಲ್ಲಿ ಅದುರು ಹೆಚ್ಚಬೇಕಿತ್ತೇ ಹೊರತು ಅಡಗಬಾರದಿತ್ತು.

ಕಂಪನದ ಆವರ್ತನವನ್ನು ಅಳೆದರೆ ಊಹೆಗೆ ಅವಕಾಶವೇ ಕಡಿಮೆ. 1800 ಸುತ್ತೆಂದರೆ ಸೆಕೆಂಡಿಗೆ 30 ಸುತ್ತು. ಪ್ರೊಪೆಲ್ಲರ್ ಅಸಮತೋಲನ 30 ಹರ್ಟ್ಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ನಾಲ್ಕು ಸಿಲಿಂಡರ್‌ಗಳ ಈ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಉರಿಯುವುದರಿಂದ 60 ಹರ್ಟ್ಸ್ ಕಂಪನ ಆರೋಗ್ಯವಂತ ಎಂಜಿನ್‌ನಲ್ಲೂ ಇದ್ದೇ ಇರುತ್ತದೆ. ಆದರೆ ಯಾವುದೋ ಒಂದು ಸಿಲಿಂಡರ್ ಸೋಮಾರಿಯಾಗಿದ್ದರೆ, ಅದರ ಸರದಿ ಎರಡು ಸುತ್ತಿಗೊಮ್ಮೆ ಬರುವ ಕಾರಣ, 15 ಹರ್ಟ್ಸ್‌ನಲ್ಲಿ ಶಿಖರ ಏಳುತ್ತದೆ. ಮೊಬೈಲ್ ಫೋನಿನ ಕಂಪನ ಮಾಪಕ ಆ್ಯಪ್ ಪ್ರಮಾಣಪತ್ರಕ್ಕೆ ಬಾರದಿದ್ದರೂ 15 ಮತ್ತು 30ರ ನಡುವಿನ ಭೇದವನ್ನು ಧಾರಾಳವಾಗಿ ತೋರಿಸುತ್ತದೆ. ಫೋನನ್ನು ಫಲಕಕ್ಕೆ ಗಟ್ಟಿಯಾಗಿ ಅಂಟಿಸಿ ನೋಡಿ. ಎಂಜಿನ್ ಮೌಂಟಿನ ರಬ್ಬರ್ ಬುಷ್‌ಗಳು ಗಟ್ಟಿಯಾಗಿವೆಯೇ ಎಂಬುದನ್ನೂ ತಿಳಿಸಿ. ಅವು ಕಂಪನವನ್ನು ಹುಟ್ಟಿಸುವುದಿಲ್ಲವಾದರೂ ನಿರ್ದಿಷ್ಟ ವೇಗದಲ್ಲಿ ಹಿಗ್ಗಿಸಿ ತೋರಿಸುತ್ತವೆ.

ಜಕ್ಕೂರು_ಹ್ಯಾಂಗರ್:
ಇಬ್ಬರಿಗೂ ಧನ್ಯವಾದಗಳು. ಅಲಗುಗಳ ತುದಿಯಲ್ಲಿ ವ್ಯತ್ಯಾಸ 2 ಮಿಲಿಮೀಟರ್‌ಗಿಂತ ಕಡಿಮೆ ಇದೆ, ಬೋಲ್ಟುಗಳೂ ಸರಿಯಾಗಿವೆ, ರಬ್ಬರ್ ಬುಷ್‌ಗಳು ಹೊಸವು. ಫೋನಿನಲ್ಲಿ 15 ಹರ್ಟ್ಸ್ ಶಿಖರವೇ ಎತ್ತರ; 30ರಲ್ಲಿ ಸಣ್ಣದೊಂದು ಉಬ್ಬು ಮಾತ್ರ. ಆದರೆ ಸಿಲಿಂಡರ್ ದುರ್ಬಲವಾಗಿದ್ದರೆ ಮ್ಯಾಗ್ನೆಟೊ ಪರೀಕ್ಷೆಯಲ್ಲಿ ಗೊತ್ತಾಗಬೇಕಿತ್ತಲ್ಲವೇ?

ಹಳೇ_ಸ್ಪ್ಯಾನರ್:
ಗೊತ್ತಾಗಲೇಬೇಕೆಂದಿಲ್ಲ. ಆ ಪರೀಕ್ಷೆ ಹಿಡಿಯುವುದು ಒಂದು ಕಡೆಯ ಪ್ಲಗ್, ತಂತಿ ಅಥವಾ ಮ್ಯಾಗ್ನೆಟೊ ದೋಷವನ್ನು. ಸಿಲಿಂಡರಿಗೆ ಹೋಗುವ ಗಾಳಿ-ಇಂಧನದ ಮಿಶ್ರಣವೇ ಕೆಟ್ಟಿದ್ದರೆ ಅದರ ಎರಡೂ ಪ್ಲಗ್‌ಗಳಿಗೆ ಸಮಾನ ತೊಂದರೆ, ಹಾಗಾಗಿ ಎರಡೂ ಕಡೆ ಒಂದೇ ಬಗೆಯ ಇಳಿಕೆ. ಕಂಪ್ರೆಷನ್ ಚೆನ್ನಾಗಿರುವುದರಿಂದ ನನ್ನ ಅನುಮಾನ ಆ ಮಿಶ್ರಣವನ್ನು ಒಯ್ಯುವ ಇನ್‌ಟೇಕ್ ಕೊಳವೆಗಳ ಕಡೆಗೆ. ಕಾರ್ಬ್ಯುರೇಟರ್‌ನ ಮೇಲಿಂದ ಕವಲೊಡೆಯುವ ಕೊಳವೆಗಳನ್ನು ಈ ಎಂಜಿನ್‌ನಲ್ಲಿ ರಬ್ಬರ್ ತೋಳು ಮತ್ತು ಕ್ಲಾಂಪ್‌ಗಳಿಂದ ಸೇರಿಸಿರುತ್ತಾರೆ. ತೋಳು ಬಿರುಕು ಬಿಟ್ಟರೆ, ಥ್ರಾಟಲ್ ಮುಚ್ಚಿದಾಗ ಒಳಗಿನ ನಿರ್ವಾತ ಹೊರಗಿನ ಗಾಳಿಯನ್ನು ಎಳೆದುಕೊಂಡು ಆ ಒಂದು ಸಿಲಿಂಡರಿನ ಮಿಶ್ರಣವನ್ನು ತೆಳುವಾಗಿಸುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ನಿರ್ವಾತ ಬಹುಪಾಲು ಇಲ್ಲವಾಗುತ್ತದೆ, ಸೋರಿಕೆಯ ಪರಿಣಾಮವೂ ಮರೆಯಾಗುತ್ತದೆ. ನೀವು ಬರೆದ ಮೂರೂ ಲಕ್ಷಣಗಳಿಗೆ ಇದು ಹೊಂದುತ್ತದೆ.

ತಣ್ಣಗಿನ ಎಂಜಿನ್ ಅನ್ನು ಅದುರುವ ವೇಗದಲ್ಲಿ ಒಂದು ನಿಮಿಷ ಓಡಿಸಿ ನಿಲ್ಲಿಸಿ, ಪ್ರೊಪೆಲ್ಲರ್‌ನಿಂದ ದೂರವಿದ್ದು, ನಾಲ್ಕು ಎಕ್ಸಾಸ್ಟ್ ಕೊಳವೆಗಳ ಬುಡದ ಉಷ್ಣತೆಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಿರಿ. ತಣ್ಣಗಿರುವುದೇ ಅಪರಾಧಿ. ಕಾಂಟಿನೆಂಟಲ್‌ನಲ್ಲಿ ಸಿಲಿಂಡರ್ ಸಂಖ್ಯೆ ಹಿಂದಿನಿಂದ ಆರಂಭವಾಗುತ್ತದೆ ಎಂಬುದು ನೆನಪಿರಲಿ. ಜಂಟಿಯ ಸುತ್ತ ನೀಲಿ ಕಲೆ ಕಂಡರೆ ಅದು 100ಎಲ್‌ಎಲ್ ಇಂಧನದ ಬಣ್ಣ.

ಜಕ್ಕೂರು_ಹ್ಯಾಂಗರ್:
ಮೂರನೆಯ ಸಿಲಿಂಡರಿನ ಕೊಳವೆ ಉಳಿದವಕ್ಕಿಂತ ಸ್ಪಷ್ಟವಾಗಿ ತಣ್ಣಗಿತ್ತು. ತೋಳಿನ ಕೆಳಭಾಗದಲ್ಲಿ, ಮೇಲಿನಿಂದ ಕಾಣದ ಕಡೆ, ಬಿರುಕಿದೆ. ಅಂಚಿನಲ್ಲಿ ನೀಲಿ ಕಲೆಯೂ ಇದೆ. ಅದೊಂದನ್ನು ಬದಲಿಸಿ ಓಡಿಸಿದಾಗ 15 ಹರ್ಟ್ಸ್ ಶಿಖರ ಬಹಳಷ್ಟು ತಗ್ಗಿತು, 30ರ ಉಬ್ಬು ಹಾಗೆಯೇ ಉಳಿದಿದೆ.

ಹಳೇ_ಸ್ಪ್ಯಾನರ್:
ನಾಲ್ಕನ್ನೂ ಬದಲಿಸಿ, ಒಂದೇ ವಯಸ್ಸಿನ ರಬ್ಬರ್ ಬೇರೆ ಬೇರೆ ದಿನ ಹರಿಯುತ್ತದೆ, ಅಷ್ಟೆ. ಬದಲಿಸಿದ್ದನ್ನು ನಿಮ್ಮ ಎ.ಎಂ.ಇ. ಲಾಗ್‌ಬುಕ್‌ನಲ್ಲಿ ದಾಖಲಿಸಲಿ, ಕೆಲವು ಬಾರಿ ಓಡಿಸಿದ ಮೇಲೆ ಕ್ಲಾಂಪ್‌ಗಳನ್ನು ಮತ್ತೆ ಬಿಗಿಸಿ ನೋಡಲಿ.

ಮರದ_ರೆಕ್ಕೆ:
ಉಳಿದ 30 ಹರ್ಟ್ಸ್ ನನ್ನ ಪಾಲಿಗೆ ಬಂತು. ಅದು ತೊಂದರೆ ಕೊಡುವಷ್ಟಿದ್ದರೆ ಪ್ರೊಪೆಲ್ಲರ್ ಅನ್ನು ಫ್ಲ್ಯಾಂಜ್ (ಅದನ್ನು ಬೋಲ್ಟುಗಳಿಂದ ಕೂರಿಸುವ ಎಂಜಿನ್ ತುದಿಯ ತಟ್ಟೆ) ಮೇಲೆ 180 ಡಿಗ್ರಿ ತಿರುಗಿಸಿ ಕೂರಿಸಿ, ಮತ್ತೆ ಅಳೆದು, ಏನಾದರೂ ಬದಲಾಯಿತೇ ತಿಳಿಸಿ. ಅಲ್ಲಿಯವರೆಗೆ ವಿಮಾನ ನಿಲ್ಲಿಸುವಾಗ ಅಲಗುಗಳು ಅಡ್ಡಡ್ಡಲಾಗಿರಲಿ. ನೆಟ್ಟಗೆ ನಿಲ್ಲಿಸಿದರೆ ತೇವವೆಲ್ಲ ಕೆಳಗಿನ ಅಲಗಿಗೆ ಇಳಿದು, ಮಾಡಿಸಿದ ಸಮತೋಲನ ವ್ಯರ್ಥವಾಗುತ್ತದೆ.