‘ಈಮ್’ ಹೆಸರಿಗೆ ‘ದ್ವೀಪ’ ಸರಿಯಾ, ‘ಕುದ್ರು’ ಸರಿಯಾ?

ಗೆಳೆಯರೇ,

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿರುವ ಈಮ್ ಎಂಬ ಸಣ್ಣ ಹಳ್ಳಿಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಹೆಸರಿನ ಅರ್ಥಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಕಾಗುಣಿತ ಇ, ವೈ, ಎ, ಎಂ. ನೋಡಿದವರು ‘ಏಯಮ್’ ಅಂತಲೇ ಓದುತ್ತಾರೆ. ಊರಿನವರ ಬಾಯಲ್ಲಿ ಬರೀ ‘ಈಮ್’. ಕೊನೆಯಲ್ಲಿರುವುದು ನಾಟಿಂಗ್‌ಹ್ಯಾಮ್‌ನ ‘ಹ್ಯಾಮ್’ ಇರಬೇಕು ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಅಲ್ಲ. ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಊರಿನ ಹೆಸರು ‘ಐಯುನೆ’. ಹಳೆಯ ಇಂಗ್ಲಿಷಿನ ‘ಏಗ್’ ಪದಕ್ಕೆ ‘ಉಮ್’ ಸೇರಿ ‘ಏಗುಮ್’, ಅದು ಸವೆದು ಈಮ್. ಆ ‘ಉಮ್’ ನಮ್ಮ ‘ಗಳಲ್ಲಿ’ ಇದ್ದ ಹಾಗೆ. ವಿಭಕ್ತಿಯೇ ಹೆಸರಿಗೆ ಅಂಟಿಕೊಂಡು ಉಳಿದುಬಿಟ್ಟಿದೆ! ಲ್ಯಾಂಕಶೈರ್‌ನ ಲಿದಮ್ ಕೂಡ ಹೀಗೇ, ‘ಇಳಿಜಾರುಗಳಲ್ಲಿ’ ಅಂತ.

‘ಏಗ್’ಗೆ ನಿಘಂಟಿನ ಮೊದಲ ಅರ್ಥ ದ್ವೀಪ. ಆದರೆ ಈಮ್‌ಗೆ ಸಮುದ್ರ ಬಹಳ ದೂರ. ತೊರೆಗಳ ನಡುವಿನ ನೆಲ, ಜೌಗಿನ ನಡುವಿನ ಒಣ ದಿಬ್ಬ, ಇವಕ್ಕೂ ಆಗ ಏಗ್ ಅಂತಲೇ ಅನ್ನುತ್ತಿದ್ದರು. ಲಂಡನ್ನಿನ ಬ್ಯಾಟರ್‌ಸೀ ಕೊನೆಯಲ್ಲಿರುವುದೂ ಇದೇ ಏಗ್, ಸಮುದ್ರದ ‘ಸೀ’ ಅಲ್ಲ.

‘ದ್ವೀಪ’ ಬೇಡ ಅನ್ನೋಕೆ ಇನ್ನೊಂದು ಕಾರಣವಿದೆ. 1665ರಲ್ಲಿ ಈ ಊರಿಗೆ ಪ್ಲೇಗ್ ಬಂತು. ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಜೊತೆ ಬಂತು ಅಂತ ಹೇಳುತ್ತಾರೆ. ಪಾದ್ರಿ ವಿಲಿಯಂ ಮಾಂಪೆಸನ್ ಮಾತಿಗೆ ಒಪ್ಪಿ ಜನ ಗಡಿ ದಾಟದೆ ಉಳಿದರು. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ಕಾಸು ಇಡುತ್ತಿದ್ದರು. ಹೊರಗಿನವರು ಅದನ್ನು ತೆಗೆದುಕೊಂಡು ದಿನಸಿ ಇಟ್ಟು ಹೋಗುತ್ತಿದ್ದರು. 1666ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 260 ಜನ. ಈಗ ‘ದ್ವೀಪ’ ಅಂತ ಬರೆದರೆ, ಊರು ಹಾಗೆ ಒಂಟಿಯಾಗಿ ಉಳಿದಿದ್ದಕ್ಕೇ ಆ ಹೆಸರು ಬಂತು ಅಂತ ಓದುಗರು ತಿಳಿಯುತ್ತಾರೆ. ನನ್ನ ಕರಡು ಓದಿದ ಗೆಳತಿ ಹಾಗೇ ತಿಳಿದಳು! ಪ್ಲೇಗಿಗಿಂತ 579 ವರ್ಷ ಮೊದಲೇ ಹೆಸರು ದಾಖಲೆಯಲ್ಲಿದೆ, ಪಾಪ.

‘ನಡುಗಡ್ಡೆ’ ಅಂದರೂ ಅದೇ ತೊಂದರೆ. ‘ದಿಬ್ಬ’ ಅಂದರೆ ನೀರೇ ಮಾಯ. ಕರಾವಳಿಯ ‘ಕುದ್ರು’ ನನಗೆ ಜಾಸ್ತಿ ಹಿಡಿಸಿದೆ. ಹೊಳೆಯ ನಡುವಿನ ನೆಲ ತಾನೇ ಅದು? ‘ಕುದ್ರುಗಳಲ್ಲಿ’ ಅಂತ ಬರೆದರೆ ಆ ವಿಭಕ್ತಿಯೂ ಉಳಿಯುತ್ತೆ. ಘಟ್ಟದ ಮೇಲಿನವರಿಗೆ ಒಂದು ಸಾಲಿನ ವಿವರಣೆ ಕೊಟ್ಟರಾಯ್ತು.

ಉಡುಪಿ, ಕುಂದಾಪುರ ಕಡೆಯವರು ಇದ್ದರೆ ಹೇಳಿ: ಎರಡು ಸಣ್ಣ ತೊರೆಗಳ ನಡುವೆ ಇದ್ದು, ನೀರು ಪೂರ್ತಿ ಸುತ್ತುವರಿಯದ ನೆಲವನ್ನೂ ಕುದ್ರು ಅಂತೀರಾ?